ವಯಸ್ಸು ಮೀರುವ ತಂಡ

2022ರ ಆಗಸ್ಟ್ 5ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ 20 ವರ್ಷದೊಳಗಿನವರ ಫುಟ್‌ಬಾಲ್ ಫೈನಲ್ ನಡೆಯಿತು. 90 ನಿಮಿಷ ಮುಗಿದಾಗ ಭಾರತ 2, ಬಾಂಗ್ಲಾದೇಶ 2. ಅದೇ ಬಾಂಗ್ಲಾದೇಶದ ಎದುರು ಟೂರ್ನಿಯ ಮೊದಲ ಪಂದ್ಯವನ್ನು ನಮ್ಮ ಹುಡುಗರು 1–2ರಿಂದ ಸೋತಿದ್ದರು. ಹೆಚ್ಚುವರಿ ಸಮಯ ಶುರುವಾಗುವ ಮುಂಚೆ ಸಿಗುವ ಆ ಒಂದಿಷ್ಟು ನಿಮಿಷದಲ್ಲಿ ಯಾವ ಕೋಚ್ ಆದರೂ ಹೇಳಬಹುದಾದ್ದು ಹೆಚ್ಚೇನಿಲ್ಲ. ನೀರು ಕುಡಿಯಿರಿ, ಉಸಿರು ತಗೊಳ್ಳಿ, ನೀನು ಸ್ವಲ್ಪ ಈಚೆ ಬಾ, ನೀನು ಅಲ್ಲೇ ಇರು. ಅಷ್ಟೆ. ಆಮೇಲೆ ಹುಡುಗರು ಮತ್ತೆ ಮೂರು ಗೋಲು ಹೊಡೆದರು. 5–2. ಗುರ್ಕೀರತ್ ಸಿಂಗ್ ಒಬ್ಬನೇ ನಾಲ್ಕು ಗೋಲು. ಗೆರೆಯಾಚೆ ಕೋಚ್ ಆಗಿ ನಿಂತಿದ್ದವರು ನಮ್ಮ ಬೆಂಗಳೂರಿನವರು, ಷಣ್ಮುಗಂ ವೆಂಕಟೇಶ್. ಭಾರತ ತಂಡದ ಮಾಜಿ ನಾಯಕ, ಮಹೀಂದ್ರ ಯುನೈಟೆಡ್ ದೇಶದ ಲೀಗ್ ಗೆದ್ದ ಕಾಲದಲ್ಲಿ ಅದರ ಮಧ್ಯಸಾಲಿನಲ್ಲಿ ಓಡಾಡಿದವರು.

ಎರಡು ತಿಂಗಳು ಕಳೆಯಿತು. ಅಕ್ಟೋಬರ್‌ನಲ್ಲಿ ಅದೇ ತಂಡ ಏಷ್ಯಾ ಕಪ್ ಅರ್ಹತಾ ಪಂದ್ಯಗಳಿಗೆಂದು ಕುವೈತ್‌ಗೆ ಹೋಯಿತು. ಗುಂಪಿನಲ್ಲಿ ಇರಾಕ್ ಇತ್ತು, ಆಸ್ಟ್ರೇಲಿಯಾ ಇತ್ತು. ಮುಂದಿನ ಸುತ್ತಿಗೆ ಹೋಗಲಾಗಲಿಲ್ಲ. ಅಲ್ಲಿಗೆ ಆ ತಂಡ ಮುಗಿಯಿತು. ಯಾರೂ ಅದನ್ನು ಮುಚ್ಚಲಿಲ್ಲ, ಯಾರನ್ನೂ ತೆಗೆದುಹಾಕಲಿಲ್ಲ. ಕ್ಯಾಲೆಂಡರ್ ತನ್ನ ಪಾಡಿಗೆ ತಾನು ತಿರುಗಿತು, ಹುಡುಗರಿಗೆ ವಯಸ್ಸು ಮೀರಿತು.

ಕಿರಿಯರ ರಾಷ್ಟ್ರೀಯ ತಂಡಕ್ಕೆ ಕೋಚ್ ಆಗುವುದು ಎಂಥ ಕೆಲಸ ಎಂದು ನಾನು ಯೋಚಿಸತೊಡಗಿದ್ದು ಈ ಕಾರಣಕ್ಕೆ. ಕ್ಲಬ್ ಅಂದರೆ ಅದಕ್ಕೊಂದು ಊರು, ಒಂದು ಮೈದಾನ, ಸೋತಾಗ ಬೈಯುವುದಕ್ಕಾದರೂ ನಾಲ್ಕು ಜನ. ಸೀನಿಯರ್ ತಂಡದಲ್ಲಿ ಸುನಿಲ್ ಛೆಟ್ರಿಯಂಥವರು ಇಪ್ಪತ್ತು ವರ್ಷ ಇರುತ್ತಾರೆ. ಕೋಚ್‌ಗಳು ಬಂದು ಹೋಗುತ್ತಾರೆ. ಕಿರಿಯರ ತಂಡದಲ್ಲಿ ಇದು ತಿರುವುಮುರುವು. ಕೋಚ್ ಉಳಿದರೂ ತಂಡ ಉಳಿಯುವುದಿಲ್ಲ. ಭುವನೇಶ್ವರದಲ್ಲಿ ಆಡಬೇಕಾದರೆ 2003ರ ಜನವರಿ 1ರಂದು ಅಥವಾ ಅದಾದ ಮೇಲೆ ಹುಟ್ಟಿರಬೇಕಿತ್ತು. ಮುಂದಿನ ಸಲಕ್ಕೆ ಆ ವರ್ಷ ಮುಂದೆ ಸರಿಯುತ್ತದೆ, ಕೋಚ್ ಮತ್ತೆ ಮೊದಲಿನಿಂದ ಹೆಸರು ಕಲಿಯಲು ಶುರುಮಾಡಬೇಕು. ಯಾವ ಹುಡುಗ ಎಡಗಾಲಿನವನು, ಯಾವನಿಗೆ ಬೈದರೆ ಆಟ ಕೆಡುತ್ತದೆ, ಯಾವನಿಗೆ ಬೈಯದಿದ್ದರೆ ಕೆಡುತ್ತದೆ, ಎಲ್ಲ ಹೊಸದಾಗಿ.

ಈ ಜನವರಿ ಒಂದರ ಗೆರೆ ನೋಡಲು ಸಾಧು, ಆದರೆ ಒಳಗೆ ಭಾರಿ ಪಕ್ಷಪಾತಿ. ಒಂದೇ ವರ್ಷದಲ್ಲಿ ಜನವರಿಯಲ್ಲಿ ಹುಟ್ಟಿದ ಹುಡುಗನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ವರ್ಷವೆಂದರೆ ನಾಲ್ಕು ಬೆರಳು ಎತ್ತರ, ಭುಜದ ಅಗಲ, ಮೀಸೆಯ ಸುಳಿವು. 1980ರ ದಶಕದಲ್ಲಿ ಕೆನಡಾದ ಐಸ್ ಹಾಕಿ ತಂಡಗಳ ಪಟ್ಟಿ ಹಿಡಿದು ಕೂತ ಸಂಶೋಧಕರಿಗೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಕಿಕ್ಕಿರಿದಿರುವುದು ಕಂಡಿತು. ಆಮೇಲೆ ಫುಟ್‌ಬಾಲ್‌ನಲ್ಲೂ ದೇಶದಿಂದ ದೇಶಕ್ಕೆ ಅದೇ ಕಂಡಿತು. ಬೆಲ್ಜಿಯಂನವರು ತಡವಾಗಿ ಬೆಳೆಯುವ ಹುಡುಗರಿಗಾಗಿಯೇ ಬೇರೆ ರಾಷ್ಟ್ರೀಯ ತಂಡ ಕಟ್ಟಿ ಆಡಿಸಿದರು. ಇವತ್ತು ಗಿಡ್ಡನಾಗಿದ್ದಾನೆ ಎಂದು ಕೈಬಿಟ್ಟರೆ, ಆ ಹುಡುಗ ಮೂರು ವರ್ಷದ ನಂತರ ಉದ್ದವಾಗುವ ಹೊತ್ತಿಗೆ ಬೂಟು ಬಿಚ್ಚಿಟ್ಟು ಬೇರೇನೋ ಮಾಡುತ್ತಿರುತ್ತಾನೆ ಎಂಬುದು ಅವರ ಲೆಕ್ಕಾಚಾರ.

ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಜನನ ಪ್ರಮಾಣಪತ್ರದ ತಾರೀಕು, ಶಾಲೆಯ ದಾಖಲೆಯ ತಾರೀಕು, ಅಜ್ಜಿ ಹೇಳುವ ತಾರೀಕು ಮೂರೂ ಬೇರೆ ಇರುವ ದೇಶ ಇದು. ಹಾಗಾಗಿ ಮಣಿಕಟ್ಟನ್ನು ಕೇಳುತ್ತಾರೆ. 2009ರ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಫಿಫಾ ಮಣಿಕಟ್ಟಿನ ಎಂಆರ್‌ಐ ತೆಗೆಸುವ ಪದ್ಧತಿ ತಂದಿತು. ಮುಂಗೈ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರ ಪೂರ್ತಿ ಕೂಡಿಕೊಂಡಿದ್ದರೆ ಹುಡುಗ 17 ದಾಟಿದ್ದಾನೆ ಎಂದು ತೀರ್ಮಾನ. ವರ್ಷಗಟ್ಟಲೆ ತಿದ್ದಿ ತೀಡಿದ ಹುಡುಗನ ಹಣೆಬರಹ ಒಂದು ಸ್ಕ್ಯಾನ್‌ನಲ್ಲಿ ಬರುತ್ತದೆ. ಆ ವರದಿ ಬರುವವರೆಗೆ ಕೋಚ್‌ಗೆ ಹೇಗಾಗುತ್ತಿರಬಹುದು ಎಂದು ಊಹಿಸಬಲ್ಲೆ. ಹುಡುಗನ ಅಪ್ಪನಿಗೆ ಹೇಗಾಗುತ್ತಿರಬಹುದು ಎಂಬುದನ್ನು ಊಹಿಸುವುದು ಬೇಡ.

ವೆಂಕಟೇಶ್ ಆಟ ಬಿಟ್ಟ ಮೇಲೆ ಸೀನಿಯರ್ ತಂಡದ ಸಹಾಯಕ ಕೋಚ್ ಆಗಿ ಸ್ಟೀಫನ್ ಕಾನ್‌ಸ್ಟಂಟೈನ್ ಜೊತೆಗೆ ಇದ್ದರು, ಆಮೇಲೆ ಇಗೊರ್ ಸ್ಟಿಮಾಚ್ ಜೊತೆಗೆ. 2019ರಲ್ಲಿ ಅವರ ಕೈಗೆ ಇಂಡಿಯನ್ ಆರೋಸ್ ಬಂತು. ನನಗೆ ಅವರ ಕೋಚಿಂಗ್ ಬದುಕಿನಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ಟ್ರೋಫಿ ಗೆದ್ದ ಆ ಹನ್ನೆರಡು ದಿನಗಳ ಟೂರ್ನಿಗಿಂತ ಆರೋಸ್‌ನಲ್ಲಿ ಕಳೆದ ಈ ಮೂರು ವರ್ಷ.

ಆರೋಸ್ ಎಂಬುದು ವಿಚಿತ್ರ ತಂಡವಾಗಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಕಿರಿಯರಿಗೆಂದೇ ಅದನ್ನು ಕಟ್ಟಿತು. ನಡುವೆ ಪೈಲಾನ್ ಆರೋಸ್ ಎಂದು ಹೆಸರು ಬದಲಾಯಿತು, 2013ರಲ್ಲಿ ಮುಚ್ಚಿತು, 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆದ 2017ರಲ್ಲಿ ಮತ್ತೆ ಬಾಗಿಲು ತೆರೆಯಿತು. ಹದಿನೇಳು, ಹದಿನೆಂಟು, ಹತ್ತೊಂಬತ್ತರ ಹುಡುಗರನ್ನು ಐ–ಲೀಗ್‌ನಲ್ಲಿ ದೊಡ್ಡವರ ಎದುರು ಇಳಿಸುವುದು ಇದರ ಉದ್ದೇಶವಾಗಿತ್ತು. ಎದುರಾಳಿ ತಂಡಗಳಲ್ಲಿ ಆಫ್ರಿಕಾದಿಂದಲೋ ಸ್ಪೇನಿನಿಂದಲೋ ಬಂದ, ಈ ಹುಡುಗರು ಹುಟ್ಟುವ ಮುಂಚಿನಿಂದ ಚೆಂಡು ಒದೆಯುತ್ತಿದ್ದ ಸ್ಟ್ರೈಕರ್‌ಗಳು. ಇವರಲ್ಲಿ ಒಬ್ಬ ವಿದೇಶಿ ಆಟಗಾರನೂ ಇರಲಿಲ್ಲ. ಎಷ್ಟು ಸೋತರೂ ಕೆಳಗಿನ ದರ್ಜೆಗೆ ಇಳಿಸುವುದಿಲ್ಲ ಎಂಬ ರಿಯಾಯಿತಿ ಒಂದು ಮಾತ್ರ ಇತ್ತು.

ಆ ರಿಯಾಯಿತಿ ವರವೋ ಶಾಪವೋ ಎಂದು ನನಗೆ ಇನ್ನೂ ಅನುಮಾನ. ಇಳಿಯುವ ಭಯವಿಲ್ಲದಿದ್ದರೆ ಗೋಲ್‌ಕೀಪರ್ ಧೈರ್ಯವಾಗಿ ಚೆಂಡನ್ನು ಹತ್ತಿರದ ಡಿಫೆಂಡರ್‌ಗೆ ಕೊಟ್ಟು ಕಟ್ಟಿಕೊಂಡು ಬರುವುದನ್ನು ಕಲಿಯುತ್ತಾನೆ. ಭಯವಿದ್ದರೆ ಎತ್ತಿ ಆಕಾಶಕ್ಕೆ ಒದೆಯುತ್ತಾನೆ. ಅದು ಸರಿ. ಆದರೆ ಪಟ್ಟಿಯ ತಳದಲ್ಲಿ ತಿಂಗಳುಗಟ್ಟಲೆ ಕೂತರೆ ಹುಡುಗರಿಗೆ ಸೋಲು ರೂಢಿಯಾಗಿಬಿಡುವುದಿಲ್ಲವೆ? ಶನಿವಾರ ಸೋತು, ಭಾನುವಾರ ವಿಡಿಯೊ ನೋಡಿ, ಸೋಮವಾರ ಮತ್ತೆ ಮೈದಾನಕ್ಕೆ ಬರುವ ಹದಿನೆಂಟರ ಹುಡುಗನಿಗೆ, ನೀನು ಸರಿಯಾದ ಜಾಗದಲ್ಲೇ ನಿಂತಿದ್ದೆ, ಆದರೂ ಗೋಲಾಯಿತು, ಮುಂದಿನ ಸಲವೂ ಅಲ್ಲೇ ನಿಲ್ಲು ಎಂದು ಹೇಳಿ ನಂಬಿಸುವುದು ಸುಲಭವಲ್ಲ. ಫಲಿತಾಂಶವನ್ನೂ ಆಟವನ್ನೂ ಬಿಡಿಸಿ ನೋಡುವ ಕಣ್ಣು ದೊಡ್ಡವರಿಗೇ ಇರುವುದಿಲ್ಲ. ಆಫೀಸಿನಲ್ಲಿ ಯಾರಿಗಿದೆ ಹೇಳಿ.

ಅಲ್ಲಿ ಸೋತು ಸೋತು ಆಡಿದ ಆಕಾಶ್ ಮಿಶ್ರಾ 2020ರಲ್ಲಿ ಹೈದರಾಬಾದ್ ಎಫ್‌ಸಿಗೆ ಹೋದ. 2022ರಲ್ಲಿ ಆ ತಂಡ ಐಎಸ್‌ಎಲ್ ಗೆದ್ದಾಗ ಎಡ ಬದಿಯ ಕಾವಲು ಅವನದು, ಅಷ್ಟರಲ್ಲಾಗಲೇ ಸೀನಿಯರ್ ಭಾರತ ತಂಡದಲ್ಲೂ ಜಾಗ ಸಿಕ್ಕಿತ್ತು. ವಿಕ್ರಮ್ ಪ್ರತಾಪ್ ಸಿಂಗ್ ಮುಂಬೈ ಸಿಟಿಗೆ ಹೋದ. ಇನ್ನೂ ಹಲವರು ಹೀಗೆ ಹಂಚಿಹೋದರು. ಹೋದವರೆಲ್ಲ ಹೊಸ ಜರ್ಸಿಯ ಹೆಸರಿನಲ್ಲಿ ಪ್ರಸಿದ್ಧರಾದರು. 2022ರಲ್ಲಿ ಫೆಡರೇಷನ್ ಆರೋಸ್ ತಂಡವನ್ನು ಬರಖಾಸ್ತು ಮಾಡಿತು.

ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ನಡೆಯುವ ಜಾಬ್ ವರ್ಕ್ ನೋಡಿದವರಿಗೆ ಈ ಬಗೆಯ ದುಡಿಮೆ ಹೊಸದೆನಿಸದು. ದೊಡ್ಡ ಕಂಪನಿಯಿಂದ ಡ್ರಾಯಿಂಗ್ ಬರುತ್ತದೆ. ಲೇತ್ ಮುಂದೆ ನಿಂತವರು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಒಂದು ಬಿಡಿಭಾಗ ಕಡೆದು, ಗೇಜ್ ಹಾಕಿ ನೋಡಿ, ಎಣ್ಣೆ ಸವರಿ, ಕ್ರೇಟಿನಲ್ಲಿ ಜೋಡಿಸಿ ಕಳಿಸುತ್ತಾರೆ. ಅದು ಎಲ್ಲಿ, ಯಾವ ಯಂತ್ರದೊಳಗೆ ಹೋಗಿ ಕೂರುತ್ತದೆ ಎಂಬುದು ಕಡೆದವರಿಗೆ ಗೊತ್ತಿರಬೇಕೆಂದೇನಿಲ್ಲ. ಯಂತ್ರದ ಮೇಲಿನ ಹೆಸರಂತೂ ಬೇರೆಯವರದು. ಒಂದು ವ್ಯತ್ಯಾಸ ಉಂಟು. ಉಕ್ಕು ರಾತ್ರೋರಾತ್ರಿ ಎರಡಂಗುಲ ಬೆಳೆಯುವುದಿಲ್ಲ, ಮನೆಗೆ ಫೋನ್ ಮಾಡಿ ಅಳುವುದಿಲ್ಲ, ಪ್ರೇಮದಲ್ಲಿ ಬೀಳುವುದಿಲ್ಲ.

ಬೆಂಗಳೂರಿನ ಹೊರಭಾಗದ ಕಾರ್ಖಾನೆಗಳಿಗೂ ಫುಟ್‌ಬಾಲ್‌ಗೂ ನಂಟು ಹಳೆಯದು. ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಕಡೆಗೆ ಬರುವ ನೇರಳೆ ಮೆಟ್ರೊದಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಹಿಂದೆ ಬಿಟ್ಟುಬಂದ ದೂರವಾಣಿನಗರದ ಐಟಿಐ ಒಂದು ಕಾಲಕ್ಕೆ ಟೆಲಿಫೋನ್‌ಗಳಷ್ಟೇ ಫುಟ್‌ಬಾಲ್ ತಂಡಕ್ಕೂ ಹೆಸರುವಾಸಿ. 1948ರಲ್ಲಿ ಶುರುವಾದ ಕಾರ್ಖಾನೆ ಅದು. ಅದರ ತಂಡ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲೂ ಆಡಿತು. ಈಚೆ ವಿಮಾನಪುರದಲ್ಲಿ ಎಚ್‌ಎಎಲ್. ಅದರ ತಂಡ 2011–12ರಲ್ಲೂ ಐ–ಲೀಗ್‌ನಲ್ಲಿ ಇತ್ತು, ಆಮೇಲೆ ಕೆಳಗಿಳಿಯಿತು. ಮಿಲ್ಲು, ಕಾರ್ಖಾನೆ, ಸೇನಾ ಘಟಕಗಳ ಹೆಸರು ಹೊತ್ತ ತಂಡಗಳೇ ಅಂದಿನ ನಗರ ಲೀಗ್. ಚೆನ್ನಾಗಿ ಆಡುವ ಹುಡುಗನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಪ್ರಾಕ್ಟೀಸಿಗೆ ಬಿಡುವು, ಗೆದ್ದು ಬಂದರೆ ಕ್ಯಾಂಟೀನಿನಲ್ಲಿ ಮರ್ಯಾದೆ. ಮೊಣಕಾಲು ಕೈಕೊಟ್ಟರೂ ತಿಂಗಳ ಸಂಬಳ ಕೈಕೊಡುತ್ತಿರಲಿಲ್ಲ.

ಆ ವ್ಯವಸ್ಥೆಯನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಅರ್ಧ ದಿನ ಆಡಿ ಅರ್ಧ ದಿನ ಸಹಿ ಹಾಕಿ ಮನೆಗೆ ಹೋದವರೂ ಇದ್ದರು, ಆಟ ಮುಗಿದ ಮೇಲೆ ಫೈಲು ಹೊತ್ತು ಓಡಾಡುವುದರಲ್ಲೇ ಕಳೆದುಹೋದ ಚೆಂದದ ಆಟಗಾರರೂ ಇದ್ದರು. ಆದರೆ ಒಂದು ಲಾಭವಿತ್ತು. ಆಟ ನಿಲ್ಲಿಸಿದವನು ಊರು ಬಿಡಬೇಕಾಗಿರಲಿಲ್ಲ. ಕ್ವಾರ್ಟರ್ಸ್‌ನಲ್ಲೇ ಇರುತ್ತಿದ್ದ. ಶಿಫ್ಟ್ ಮುಗಿಸಿ ಟಿಫಿನ್ ಡಬ್ಬಿ ಕೆಳಗಿಟ್ಟು, ಪ್ಯಾಂಟು ಮಡಿಚಿ, ಕಾಲೊನಿ ಹುಡುಗರ ಜೊತೆ ಒಂದು ಗಂಟೆ ನಿಲ್ಲುತ್ತಿದ್ದ. ಅವನನ್ನು ಯಾರೂ ಕೋಚ್ ಎಂದು ಕರೆಯುತ್ತಿರಲಿಲ್ಲ, ಅಣ್ಣ ಅಥವಾ ಮಾಮ ಅಷ್ಟೆ. ಅವನಿಗೆ ಲೈಸೆನ್ಸ್ ಇರಲಿಲ್ಲ, ಫೀಸೂ ಇರಲಿಲ್ಲ.

ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಸಣ್ಣ ಬೀದಿಗಳಿಂದ ಬಂದವರನ್ನು ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ರಾಜ್ಯದ ಆಟಗಾರ. ಬರಿಗಾಲಿನ ಮಾಂತ್ರಿಕ ಎನಿಸಿದ್ದ ಅಹ್ಮದ್ ಖಾನ್ 1948ರಲ್ಲೂ 1952ರಲ್ಲೂ ಒಲಿಂಪಿಕ್ಸ್ ಆಡಿದವರು. ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದ 1956ರ ಮೆಲ್ಬರ್ನ್ ತಂಡದಲ್ಲಿ, ಆಮೇಲೆ 1960ರ ರೋಮ್‌ನಲ್ಲಿ ಕೆಂಪಯ್ಯ. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ. ಇವರಲ್ಲಿ ಯಾರೂ ‘ಅಂಡರ್ 17’ ಎಂಬ ಮಾತು ಕೇಳಿ ಬೆಳೆದವರಲ್ಲ. ಗೌತಮಪುರದಲ್ಲಿ ಈಗಲೂ ಪೆಲೆಯ ಪ್ರತಿಮೆ ಇದೆ, ಬುದ್ಧ, ಅಂಬೇಡ್ಕರ್, ಮದರ್ ತೆರೆಸಾ ಜೊತೆಗೆ. ನಮ್ಮೂರಿನ ಯಾವ ಫುಟ್‌ಬಾಲ್ ಕೋಚ್‌ಗೂ ಯಾವ ಬೀದಿಯಲ್ಲೂ ಪ್ರತಿಮೆ ಇದ್ದದ್ದನ್ನು ನಾನು ಕಂಡಿಲ್ಲ; ಇರಬೇಕೆಂದೂ ಹೇಳುತ್ತಿಲ್ಲ, ಕಾಗೆಗಳಿಗೆ ಜಾಗ ಸಾಕಷ್ಟಿದೆ.

ವೈಟ್‌ಫೀಲ್ಡ್‌ನಲ್ಲಿ ಈಗ ಮೈದಾನ ಎಂದರೆ ಟರ್ಫ್. ಸೈಟ್ ಖಾಲಿ ಇದ್ದಲ್ಲಿ, ಶಾಪಿಂಗ್ ಕಾಂಪ್ಲೆಕ್ಸ್‌ನ ತಾರಸಿ ಮೇಲೆ, ಅಪಾರ್ಟ್‌ಮೆಂಟುಗಳ ನಡುವಿನ ಸಂದಿಯಲ್ಲಿ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಸರ್ಜಾಪುರ ರಸ್ತೆಯಲ್ಲೂ ಅಷ್ಟೇ, ಎಲೆಕ್ಟ್ರಾನಿಕ್ ಸಿಟಿಯಲ್ಲೂ ಅಷ್ಟೇ. ಸಂಜೆ ಮಕ್ಕಳ ಬ್ಯಾಚ್, ಕತ್ತಲಾದ ಮೇಲೆ ಐಡಿ ಕಾರ್ಡ್ ಜೇಬಿಗೆ ತುರುಕಿಕೊಂಡು ಬರುವ ಸಾಫ್ಟ್‌ವೇರ್ ತಂಡಗಳು. ಈ ಕಂಪನಿಗಳು ಫುಟ್‌ಬಾಲ್ ಆಡುವವನಿಗೆ ಕೆಲಸ ಕೊಡುವುದಿಲ್ಲ. ಕೆಲಸ ಮಾಡುವವರು ಕಾಸು ಕೊಟ್ಟು ಫುಟ್‌ಬಾಲ್ ಆಡುತ್ತಾರೆ. ನಾಲ್ಕು ದಶಕದಲ್ಲಿ ಆದದ್ದು ಇಷ್ಟೇ ಬದಲಾವಣೆ ಎಂದರೂ ನಡೆದೀತು.

ನಮ್ಮ ಮನೆಯ ಹತ್ತಿರದ ಟರ್ಫ್‌ನಲ್ಲಿ ಮಕ್ಕಳಿಗೆ ಕಲಿಸುವ ಹುಡುಗನೊಬ್ಬ ಇದ್ದಾನೆ. ನಗರದ ಲೀಗ್‌ನಲ್ಲಿ ನಾಲ್ಕಾರು ಸೀಸನ್ ಆಡಿದವನು, ಈಗ ಕೋಚಿಂಗ್ ಲೈಸೆನ್ಸಿನ ಮೊದಲ ಮೆಟ್ಟಿಲಲ್ಲಿ ಇದ್ದಾನೆ. ಬಲೆಯ ಈಚೆ ನಿಂತು ನಾನು ಆಗಾಗ ನೋಡುತ್ತೇನೆ. ಅವನು ಮಾಡಿಸುವ ಒಂದು ಅಭ್ಯಾಸ ನನಗೆ ಬಲು ಇಷ್ಟ. ಒಂದು ಮಗು ನಡುವೆ ನಿಲ್ಲುತ್ತದೆ. ಎದುರಿನ ಮಗು ಚೆಂಡನ್ನು ತಳ್ಳುತ್ತದೆ. ಕೋಚ್ ನಡುವಿನ ಮಗುವಿನ ಬೆನ್ನ ಹಿಂದೆ ನಿಂತು ಕೈಬೆರಳು ಎತ್ತಿ ಹಿಡಿಯುತ್ತಾನೆ, ಒಮ್ಮೆ ಎರಡು, ಒಮ್ಮೆ ನಾಲ್ಕು. ಚೆಂಡು ಕಾಲಿಗೆ ಬರುವ ಮುಂಚೆ ಮಗು ಹೆಗಲ ಮೇಲಿಂದ ಹಿಂದೆ ನೋಡಿ ಎಷ್ಟು ಬೆರಳು ಎಂದು ಕೂಗಿ ಹೇಳಬೇಕು.

“ಬಾಲ್ ಎಲ್ಲೂ ಓಡೋಗಲ್ಲ ಮಗಾ, ಬರುತ್ತೆ. ಹಿಂದೆ ಯಾರಿದ್ದಾರೆ ನೋಡು. ಎಷ್ಟು?”

“ಮೂರು!”

“ಯಾರ್ ಹೇಳಿದ್ದು ಮೂರು? ನೋಡ್ದೆ ಹೇಳ್ಬೇಡ.”

ಹತ್ತು ವರ್ಷದ ಮಗುವಿಗೆ ಇದು ಮಹಾ ಕಷ್ಟ. ಬರುತ್ತಿರುವ ಚೆಂಡಿನಿಂದ ಕಣ್ಣು ಕೀಳುವುದೆಂದರೆ ಅದಕ್ಕೆ ಚೆಂಡನ್ನೇ ಕಳೆದುಕೊಂಡಂತೆ. ಮೊದಮೊದಲು ಎಲ್ಲರೂ ಊಹಿಸಿ ಸಂಖ್ಯೆ ಹೇಳುತ್ತಾರೆ. ಕೆಲವು ವಾರ ಕಳೆದ ಮೇಲೆ ಕುತ್ತಿಗೆ ತಾನಾಗಿ ತಿರುಗತೊಡಗುತ್ತದೆ. ಆಮೇಲೆ ಮೈಯೂ ಅರ್ಧ ತಿರುಗಿಯೇ ಚೆಂಡು ತಗೊಳ್ಳುತ್ತದೆ, ಮುಂದಿನ ಹೆಜ್ಜೆಗೆ ದಾರಿ ಮೊದಲೇ ಸಿದ್ಧವಾಗಿರುತ್ತದೆ. ಇದನ್ನು ಹತ್ತರಲ್ಲಿ ಕಲಿಸಿದರೆ ಹದಿನೆಂಟರಲ್ಲಿ ರಾಷ್ಟ್ರೀಯ ಕೋಚ್‌ಗೆ ಒಂದು ಚಿಂತೆ ಕಡಿಮೆ. ಕಲಿಸದಿದ್ದರೆ, ಆರೋಸ್‌ನಂಥ ತಂಡದಲ್ಲಿ ಮೊದಲ ತಿಂಗಳೆಲ್ಲ ಇದಕ್ಕೇ ಹೋಗುತ್ತದೆ. ವಯಸ್ಸಾದ ಮೇಲೆ ಕುತ್ತಿಗೆ ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ.

ಪಾರ್ಕಿಂಗ್‌ನಲ್ಲಿ ಕಾರಿನ ಸ್ಟೀರಿಂಗಿಗೆ ಲ್ಯಾಪ್‌ಟಾಪ್ ಆನಿಸಿಕೊಂಡು ಕೂತಿದ್ದ ಅಪ್ಪನೊಬ್ಬ ಕಾಲ್ ಮುಗಿಸಿ ಬಂದು, “ಸರ್, ಇವನನ್ನ ಅಂಡರ್ 13 ಸೆಲೆಕ್ಷನ್‌ಗೆ ಯಾವಾಗ ಕಳಿಸ್ಬಹುದು?” ಎಂದು ಕೇಳಿದ. ಕೋಚ್ ಹುಡುಗ ತಲೆ ಕೆರೆದುಕೊಂಡು, “ಇನ್ನೂ ಟೈಮಿದೆ ಸರ್. ಎಡಗಾಲು ಬಂದಿಲ್ಲ ಇನ್ನೂ” ಎಂದ. ಅಪ್ಪ ಮಗನ ಎಡಗಾಲನ್ನು ಒಮ್ಮೆ ಕೆಳಗೆ ನೋಡಿದ, ಅದು ಇದ್ದಲ್ಲೇ ಇತ್ತು.

ಆ ಅಪ್ಪನನ್ನು ನೋಡಿ ನಗುವುದು ಸುಲಭ. ಆದರೆ ಅವನು ದಿನಾ ಬದುಕುವ ಲೋಕದಲ್ಲಿ ಎಲ್ಲಕ್ಕೂ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಮೂರು ತಿಂಗಳಲ್ಲಿ ಎಡಗಾಲು ಬರುವುದಿಲ್ಲ. ಕಿರಿಯರ ರಾಷ್ಟ್ರೀಯ ತಂಡದ ಕೋಚ್ ಎದುರಿಸುವ ಪ್ರಶ್ನೆಯೂ ಇದೇ, ಕೇಳುವವರು ಮಾತ್ರ ಬೇರೆ. ಫೆಡರೇಷನ್ನಿಗೆ ಕಪ್ ಬೇಕು, ಪತ್ರಿಕೆಗೆ ಶೀರ್ಷಿಕೆ ಬೇಕು. ಕಪ್ ಗೆಲ್ಲಲು ಸುಲಭದ ದಾರಿಯೂ ಇದೆ: ಬೇಗ ಬೆಳೆದ, ದಷ್ಟಪುಷ್ಟ ಹುಡುಗರನ್ನು ಆರಿಸಿ, ಚೆಂಡನ್ನು ಮುಂದಕ್ಕೆ ಎತ್ತಿ ಒದ್ದು, ಓಡಿಸಿ ಗೆಲ್ಲುವುದು. ಹದಿನಾರರಲ್ಲಿ ಅದು ಫಲ ಕೊಡುತ್ತದೆ. ಇಪ್ಪತ್ತೆರಡರಲ್ಲಿ ಎಲ್ಲರೂ ಅಷ್ಟೇ ಎತ್ತರವಾದಾಗ ಆ ಹುಡುಗನ ಕೈಯಲ್ಲಿ ಏನೂ ಇರುವುದಿಲ್ಲ. ಹೀಗೆ ಗೆದ್ದ ಕೋಚ್‌ನ ಹೆಸರಿಗೆ ಕಪ್ ಉಳಿಯುತ್ತದೆ. ನಷ್ಟ ಆರು ವರ್ಷದ ನಂತರ, ಬೇರೆ ಯಾರದೋ ಖಾತೆಗೆ ಬೀಳುತ್ತದೆ.

ನಾನು ಮತ್ತೆ ಮತ್ತೆ ನೋಡುವ ವಿಡಿಯೊ ಒಂದಿದೆ. 2017ರ ಅಕ್ಟೋಬರ್ 9, ದೆಹಲಿ, 17 ವರ್ಷದೊಳಗಿನವರ ವಿಶ್ವಕಪ್, ಭಾರತದ ಎದುರು ಕೊಲಂಬಿಯಾ. 82ನೆಯ ನಿಮಿಷದಲ್ಲಿ ನಮಗೊಂದು ಕಾರ್ನರ್. ಹೊಡೆಯಲು ಹೋದವನು ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಚೆಂಡು ಬಾಗಿ ಬಂತು, ಜೀಕ್ಸನ್ ಸಿಂಗ್ ಎಗರಿ ತಲೆ ಕೊಟ್ಟ, ಗೋಲು. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು ಅದು. ಇಡೀ ಕ್ರೀಡಾಂಗಣ ಕುಣಿಯಿತು. ಒಂದೇ ನಿಮಿಷ. ಸಂಭ್ರಮ ಇಳಿಯುವ ಮೊದಲೇ ಕೊಲಂಬಿಯಾದವರು ಈಚೆ ಬಂದು ಗೋಲು ಹೊಡೆದು 2–1 ಮಾಡಿದರು, ಹಾಗೆಯೇ ಮುಗಿಯಿತು. ಆಗ ಕೋಚ್ ಆಗಿದ್ದವರು ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೋಸ್. ವಿಶ್ವಕಪ್‌ಗೆ ಕೆಲವೇ ತಿಂಗಳು ಇರುವಾಗ ಬಂದವರು. ಅದಕ್ಕೆ ಮುಂಚೆ ಜರ್ಮನಿಯ ನಿಕೊಲಾಯ್ ಆಡಂ ಆ ಹುಡುಗರನ್ನು ಕಟ್ಟಿಕೊಂಡು ದೇಶ ದೇಶ ಸುತ್ತಿದ್ದರು. ಆ ಕಾರ್ನರ್‌ನ ಕೀರ್ತಿ ಯಾರಿಗೆ? ಮರು ನಿಮಿಷದ ಮೈಮರೆವಿನ ಹೊಣೆ ಯಾರದು? ಹದಿನಾರು ಹದಿನೇಳರ ಹುಡುಗರು ವಿಶ್ವಕಪ್‌ನಲ್ಲಿ ಗೋಲು ಹೊಡೆದು ಒಂದು ನಿಮಿಷ ಮೈಮರೆಯದಿದ್ದರೆ ಇನ್ಯಾವಾಗ ಮರೆಯಬೇಕು ಎಂದು ಕೇಳುವ ಮನಸ್ಸು ನನಗೆ. ಕೋಚ್ ಹಾಗೆ ಕೇಳುವಂತಿಲ್ಲ.

ಬೆಂಗಳೂರಿನ ಇನ್ನೊಬ್ಬ ಆಟಗಾರ ಇಲ್ಲಿ ನೆನಪಾಗುತ್ತಾರೆ, ಕಾರ್ಲ್‌ಟನ್ ಚಾಪ್‌ಮನ್. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ಎದುರು ಹ್ಯಾಟ್ರಿಕ್ ಹೊಡೆದವರು. ಆ ಪಂದ್ಯ 6–2. 2001ರಲ್ಲಿ ಆಟ ನಿಲ್ಲಿಸಿ, ತಾನು ಬೆಳೆದ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೇ ಕೋಚ್ ಆಗಿ ಮರಳಿದರು. ಆಮೇಲೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ಡೊ, ಕೋಲ್ಕತ್ತದ ಭವಾನಿಪುರ, ಕಡೆಗೆ ಕೋಳಿಕ್ಕೋಡಿನ ಒಂದು ಅಕಾಡೆಮಿ. ಊರೂರು ಅಲೆದ ಬದುಕು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ 49 ವರ್ಷ. ಮರುದಿನದ ಪತ್ರಿಕೆಗಳಲ್ಲಿ ಆ ಹ್ಯಾಟ್ರಿಕ್ ಬಂತು, ಬರಬೇಕಾದ್ದೇ. ಹದಿನೆಂಟು ವರ್ಷ ಹುಡುಗರ ಮಧ್ಯೆ ನಿಂತದ್ದು ಒಂದು ಸಾಲಿನಲ್ಲಿ ಮುಗಿಯಿತು. ಕಾರ್ಖಾನೆಯ ಕೆಲಸ ಇದ್ದಿದ್ದರೆ ಇಷ್ಟು ಅಲೆಯುತ್ತಿರಲಿಲ್ಲವೇನೋ ಅನಿಸಿತು. ಹಾಗಿದ್ದಿದ್ದರೆ ಶಿಲ್ಲಾಂಗಿನ ಹುಡುಗರಿಗೆ ಅವರು ಸಿಗುತ್ತಿರಲಿಲ್ಲ ಎಂಬುದೂ ನಿಜ.

ಇನ್ನು ನೌಷಾದ್ ಮೂಸಾ. ಹುಟ್ಟಿನಿಂದ ನಮ್ಮೂರಿನವರಲ್ಲ, ಕೆಲಸದಿಂದ ನಮ್ಮವರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಐ–ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋದದ್ದು ಎಲ್ಲರಿಗೂ ಗೊತ್ತು. ಕಿರಿಯರ ತಂಡವನ್ನು ಇಟ್ಟುಕೊಂಡು ಮೂಸಾ ಮಾಡಿದ ಕೆಲಸ ಅಷ್ಟು ಗೊತ್ತಿಲ್ಲ. ಸೀನಿಯರ್ ತಂಡ ಕಂಠೀರವದಲ್ಲಿ ದೀಪದ ಬೆಳಕಿನಲ್ಲಿ ಆಡಿದರೆ, ಇವರ ಹುಡುಗರು ನಗರದ ಲೀಗ್‌ನಲ್ಲಿ ಸುಡುಬಿಸಿಲಿನಲ್ಲಿ, ನೋಡುವವರು ಬೆರಳೆಣಿಕೆಯಷ್ಟಿರುವಾಗ ಆಡಿದರು. ರೋಷನ್ ಸಿಂಗ್, ಶಿವಶಕ್ತಿ ನಾರಾಯಣನ್ ಹೀಗೆ ಬಂದವರು. 2022ರಲ್ಲಿ ಮೂಸಾ ಅವರ ತಂಡ ಕಿರಿಯರ ಡೆವಲಪ್‌ಮೆಂಟ್ ಲೀಗ್ ಗೆದ್ದಿತು. 2025ರಲ್ಲಿ ಅವರು ಭಾರತದ 23 ವರ್ಷದೊಳಗಿನವರ ತಂಡದ ಕೋಚ್ ಆಗಿದ್ದರು.

ಆ ವರ್ಷ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ನಡೆದ ಏಷ್ಯಾ ಕಪ್ ಅರ್ಹತಾ ಪಂದ್ಯಗಳಲ್ಲಿ ಭಾರತ ಬಹರೇನ್ ತಂಡವನ್ನು 2–0ಯಿಂದ ಸೋಲಿಸಿತು, ಕತಾರ್ ಎದುರು 1–2ರಿಂದ ಸೋತಿತು, ಬ್ರೂನೈ ಎದುರು 6–0. ಗುಂಪಿನಲ್ಲಿ ಎರಡನೆಯ ಸ್ಥಾನ. ಎರಡನೆಯ ಸ್ಥಾನ ಪಡೆದವರಲ್ಲಿ ಉತ್ತಮ ನಾಲ್ಕಕ್ಕೆ ಮಾತ್ರ ಅವಕಾಶ, ಕೂದಲೆಳೆಯಲ್ಲಿ ತಪ್ಪಿತು. ಬ್ರೂನೈ ಎದುರಿನ ಪಂದ್ಯದಲ್ಲಿ ಮೂರು ಗೋಲು ಹೊಡೆದವನು ವಿಬಿನ್ ಮೋಹನನ್. ಕೇರಳ ಬ್ಲಾಸ್ಟರ್ಸ್‌ನ ಹುಡುಗ, ವೆಂಕಟೇಶ್ ಅವರ ಕಾಲದ ಆರೋಸ್‌ನಲ್ಲೂ ಆಡಿದವನು.

ತಂಡದ ಪಟ್ಟಿ ಪ್ರಕಟಿಸುವಾಗ ಆಟಗಾರನ ಹೆಸರಿನ ಮುಂದೆ ಅವನ ಈಗಿನ ಕ್ಲಬ್ಬಿನ ಹೆಸರು ಹಾಕುತ್ತಾರೆ. ಇನ್ನೊಂದು ಕಾಲಂ ಹಾಕಿ, ಅವನಿಗೆ ಕಲಿಸಿದವರ ಹೆಸರನ್ನೂ ಬರೆಯಬಾರದೇಕೆ ಎಂದು ನನಗೆ ಅನಿಸುವುದುಂಟು. ಬರೆಯಹೊರಟರೆ ಕಷ್ಟ ಎಂಬುದೂ ಗೊತ್ತು. ವಿಬಿನ್‌ನ ಮುಂದೆ ಮೂಸಾ ಎನ್ನಬೇಕು, ವೆಂಕಟೇಶ್ ಎನ್ನಬೇಕು, ಬ್ಲಾಸ್ಟರ್ಸ್ ಅಕಾಡೆಮಿಯವರನ್ನು ಬಿಡುವಂತಿಲ್ಲ. ಅಲ್ಲಿಗೂ ಮುಗಿಯುವುದಿಲ್ಲ, ತ್ರಿಶೂರಿನಲ್ಲಿ ಅವನಿಗೆ ಚೆಂಡು ಬರುವ ಮುಂಚೆ ಹಿಂದೆ ನೋಡು ಎಂದು ಮೊದಲು ಹೇಳಿದವರು ಯಾರೋ ಇದ್ದೇ ಇರುತ್ತಾರೆ, ಅವರನ್ನೂ ಹುಡುಕಿ ಹೆಸರು ಕೇಳಿಕೊಂಡು ಬರಬೇಕಾಗುತ್ತದೆ.